ಅರ್ಧಕ್ಕೆ ನಿಂತ ಕೂಗು

ವಸಂತಮ್ಮನ ಫುಟ್‌ಬಾಲ್ ಹುಚ್ಚಿನ ಬಗ್ಗೆ ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ಈಗ ಯಾರೂ ನಗುತ್ತಿರಲಿಲ್ಲ. ನಕ್ಕು ನಕ್ಕು ಅವರಿಗೇ ಸಾಕಾಗಿತ್ತು. ಮಗ್ಗದ ಮನೆಯ ಹೆಂಗಸು, ಮಕ್ಕಳ ತಾಯಿ, ಬೆಳಗಿನಿಂದ ಬೈಗಿನವರೆಗೆ ಗಂಡ ರಾಮಲಿಂಗಯ್ಯನ ಪಕ್ಕ ಕೂತು ರೇಷ್ಮೆ ಸೀರೆಯ ಅಂಚಿಗೆ ಲಾಳಿ ಎಸೆಯುವವಳು. ಕಲ್ಕತ್ತೆಯಲ್ಲಿ ಯಾರು ಯಾರಿಗೆ ಗೋಲು ಹೊಡೆದರು ಎನ್ನುವುದು ತಿಳಿದು ಇವಳಿಗೆ ಆಗಬೇಕಾದದ್ದೇನು? ಅದಕ್ಕಿಂತ ತಮಾಷೆಯೆಂದರೆ, ಇಷ್ಟೆಲ್ಲ ಮಾತಾಡುವ ವಸಂತಮ್ಮ ತನ್ನ ಜನ್ಮದಲ್ಲಿ ಒಂದು ಪಂದ್ಯವನ್ನೂ ಕಣ್ಣಾರೆ ನೋಡಿರಲಿಲ್ಲ.

ಹುಚ್ಚು ಹಿಡಿಸಿದವನು ತಮ್ಮ ದೇವಣ್ಣ. ಅವಳಿಗಿಂತ ಎರಡು ವರ್ಷ ಚಿಕ್ಕವನು. ಅವಳ ತವರುಮನೆಯೂ ಅದೇ ಬೀದಿಯಲ್ಲಿ, ಮೇಲಿನ ತುದಿಗೆ. ಬೆಳಗಿನ ಹೊತ್ತು ಆ ಬೀದಿಯಲ್ಲಿ ಮನುಷ್ಯರಿಗಿಂತ ರೇಷ್ಮೆಗೇ ಮರ್ಯಾದೆ ಹೆಚ್ಚು. ಆ ತುದಿಗೊಂದು ಈ ತುದಿಗೊಂದು ಗೂಟ ನೆಟ್ಟು, ಸೀರೆಯ ಹಾಸನ್ನು ಬೀದಿಯುದ್ದಕ್ಕೂ ಎಳೆದು ಕಟ್ಟಿ, ಎಳೆ ಎಳೆಯನ್ನೂ ಬಿಡಿಸಿ ತಿದ್ದುತ್ತಿದ್ದರು. ಗಾಡಿ ಬಂದರೆ ಗಾಡಿಯೇ ಸುತ್ತಿಕೊಂಡು ಹೋಗಬೇಕು. ಹುಡುಗರಿಗೆ ಆಡಲು ಉಳಿಯುತ್ತಿದ್ದದ್ದು ಹಾಸಿನ ಪಕ್ಕದ ಒಂದು ಪಟ್ಟೆ ಮಣ್ಣು, ಒದೆಯಲು ಚಿಂದಿ ಸುತ್ತಿದ ಚೆಂಡು. ಒಂದು ದಿನ ದೇವಣ್ಣ ಒದ್ದ ಚೆಂಡು ನೇರವಾಗಿ ಹಾಸಿನ ಮೇಲೇ ಬಿತ್ತು. ಅಪ್ಪ ಮಹದೇವಯ್ಯ ಹೊಡೆಯಲೂ ಇಲ್ಲ, ಬೈಯಲೂ ಇಲ್ಲ. ಎಳೆ ಕಡಿದವರೇ ಗಂಟು ಹಾಕಬೇಕು ಎನ್ನುವುದು ಬೀದಿಯ ಕಟ್ಟಳೆ. ಹುಡುಗ ಸಂಜೆಯವರೆಗೆ ಬಿಸಿಲಲ್ಲಿ ಕೂತು, ಕೂದಲೆಳೆಯಂಥ ಎಳೆಗಳನ್ನು ಹುಡುಕಿ ಹುಡುಕಿ ಗಂಟು ಹಾಕಿದ. ಮಾರನೆಯ ದಿನದಿಂದ ಅವನ ಆಟವೇ ಬೇರೆಯಾಯಿತು. ಒದೆಯುವವರು ಒದ್ದುಕೊಳ್ಳಲಿ ಎಂದು ಹಾಸಿನ ಕಡೆ ಬೆನ್ನು ಮಾಡಿ ನಿಂತುಬಿಟ್ಟ. ಚೆಂಡು ರೇಷ್ಮೆಯ ಹತ್ತಿರ ಸುಳಿಯದಂತೆ ತಡೆಯುವುದು ಅವನ ಕೆಲಸ. ಹಾಗೆ ನಿಲ್ಲುವವನನ್ನು ಫುಲ್‌ಬ್ಯಾಕ್ ಎನ್ನುತ್ತಾರೆ ಎಂದು ಅವನಿಗೆ ಗೊತ್ತಾದದ್ದು ಮೈಸೂರಿನ ಕಾಲೇಜಿಗೆ ಸೇರಿದ ಮೇಲೆ.

ಆಗ ವಸಂತಮ್ಮ ಒಳಗೆ ರಾಟೆಯ ಮುಂದೆ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಚೆಂಡು ಹಾಸಿನ ಕಡೆ ನುಗ್ಗಿದರೆ ಜಗಲಿಯ ಮೇಲಿನ ಹೆಂಗಸರೆಲ್ಲ ಒಟ್ಟಿಗೆ 'ಅಯ್ಯಯ್ಯಯ್ಯೋ' ಎಂದು ರಾಗ ತೆಗೆಯುವರು. ಆ ರಾಗ ಅರ್ಧಕ್ಕೇ ನಿಂತಿತೆಂದರೆ ದೇವಣ್ಣ ತಡೆದನೆಂದು ಅರ್ಥ. ಅವಳು ರಾಟೆಯಿಂದ ತಲೆ ಎತ್ತುವ ಅಗತ್ಯವೇ ಇರಲಿಲ್ಲ.

ಐವತ್ತಾರರಲ್ಲಿ ಕೊಳ್ಳೇಗಾಲ ಮದರಾಸನ್ನು ಬಿಟ್ಟು ಮೈಸೂರಿಗೆ ಸೇರಿತು. ಅದೇ ಚಳಿಗಾಲದಲ್ಲಿ ವಸಂತಮ್ಮ ತವರು ಬಿಟ್ಟು ಬೀದಿಯ ಕೆಳತುದಿಗೆ ಸೊಸೆಯಾಗಿ ಬಂದಳು. ಊರಿಗಾದರೋ ಹೊಸ ರಾಜ್ಯ ಸಿಕ್ಕಿತು, ಅವಳಿಗೆ ಸಿಕ್ಕಿದ್ದು ಅದೇ ಬೀದಿ, ಅದೇ ಹಾಸು, ಇನ್ನೊಂದು ಮಗ್ಗ. ಆ ವರ್ಷವೇ ಮೆಲ್ಬರ್ನಿನಲ್ಲಿ ಒಲಿಂಪಿಕ್ಸ್ ನಡೆದದ್ದು. ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದ ದೇವಣ್ಣ ಪೇಪರು ಎಲ್ಲಿ ಸಿಕ್ಕಿದರೂ ಓದಿಕೊಂಡು ಅಕ್ಕನ ಮಗ್ಗದ ಮನೆಗೆ ಓಡಿ ಬರುತ್ತಿದ್ದ.

"ನಮ್ಮೋರು ನಾಕನೇ ಜಾಗ ಕಣಕ್ಕ! ಇಡೀ ಪರ್ಪಂಚಕ್ಕೇ ನಾಕನೇ ಜಾಗ!"

"ಮೂರನೇದು ಯಾಕ್ಲಾ ಬರ್ನಿಲ್ಲ?" ಎಂದಳು ವಸಂತಮ್ಮ.

ಹೊಸ ಗಂಡನ ಎದುರು ಕೇಳಿದ ಮೊದಲ ಫುಟ್‌ಬಾಲ್ ಪ್ರಶ್ನೆ ಅದು. ರಾಮಲಿಂಗಯ್ಯ ಲಾಳಿ ನಿಲ್ಲಿಸಿ ಅಕ್ಕ ತಮ್ಮ ಇಬ್ಬರನ್ನೂ ನೋಡಿ, ಮತ್ತೆ ನೇಯತೊಡಗಿದ. ಅವನ ಸ್ವಭಾವವೇ ಹಾಗೆ. ಚೆಂಡಿನ ಮೇಲೆ ಅವನಿಗೆ ಪ್ರೀತಿಯೂ ಇರಲಿಲ್ಲ, ದ್ವೇಷವೂ ಇರಲಿಲ್ಲ.

ಆಮೇಲೆ ಎದುರುಮನೆಯ ಮುತ್ತಯ್ಯ ರೇಡಿಯೋ ತಂದ. ನೂಲಿನ ವ್ಯಾಪಾರದವನು, ತನ್ನ ಮನೆಗೆ ರೇಡಿಯೋ ಬಂದದ್ದು ಬೀದಿಗೆಲ್ಲ ಗೊತ್ತಾಗಲಿ ಎಂದು ಅದನ್ನು ಕಿಟಕಿಯಲ್ಲೇ ಇಟ್ಟು ಕಿರುಚಿಸುತ್ತಿದ್ದ. ದೊಡ್ಡ ಪಂದ್ಯಗಳ ವರದಿ ಬಂದರೆ ಇಂಗ್ಲಿಷಿನಲ್ಲಿ ಇಲ್ಲವೆ ಹಿಂದಿಯಲ್ಲಿ ಬರುತ್ತಿತ್ತು. ವಸಂತಮ್ಮನಿಗೆ ಕನ್ನಡ ಬರುತ್ತಿತ್ತು, ನೆರೆಮನೆಯ ತೆಲುಗು, ಸಂತೆಯ ತಮಿಳೂ ಬರುತ್ತಿತ್ತು. ಇಂಗ್ಲಿಷು, ಹಿಂದಿ ಮಾತ್ರ ಬಾರವು. ಆದರೂ ಕೇಳುತ್ತಿದ್ದಳು. ಮಾತಿನ ಹಿಂದೆ ಜನರ ಗದ್ದಲ ಇರುತ್ತಿತ್ತಲ್ಲ, ಅದಕ್ಕೆ ಭಾಷೆ ಬೇಕಿರಲಿಲ್ಲ. ಚೆಂಡು ನಡುವಿನಲ್ಲಿದ್ದರೆ ಸಂತೆಯ ಗುಜುಗುಜು. ಅಂಚಿನಲ್ಲಿ ಓಡಿದರೆ ಗುಜುಗುಜು ಮೇಲೇರುತ್ತದೆ. ಗೋಲಿನ ಮುಂದೆ ಬಂದರೆ ಹೇಳುವವನ ಉಸಿರೇ ಸಿಕ್ಕಿಕೊಳ್ಳುತ್ತದೆ. ಹೀಗೆ ಕೇಳಿ ಕೇಳಿ, ಯಾರು ಗೆದ್ದರೆಂದು ಅವಳು ಮುತ್ತಯ್ಯನಿಗಿಂತ ಮೊದಲೇ ಹೇಳುತ್ತಿದ್ದಳು. ಇಂಗ್ಲಿಷ್ ಬರುತ್ತದೆಂದು ಹೇಳಿಕೊಂಡಿದ್ದ ಮುತ್ತಯ್ಯನಿಗೆ ಇದರಿಂದ ಸ್ವಲ್ಪ ಮುಜುಗರವಾಗುತ್ತಿತ್ತು.

ಅರವತ್ತೆರಡರಲ್ಲಿ ನಮ್ಮವರು ಜಕಾರ್ತದಲ್ಲಿ ಚಿನ್ನ ಗೆದ್ದರು. ದೀಪಾವಳಿಗೆ ಊರಿಗೆ ಬಂದ ದೇವಣ್ಣ, ನೇಯುವವರು ಕಾಲು ಇಳಿಬಿಡುವ ಮಗ್ಗದ ಗುಂಡಿಯ ಅಂಚಿಗೆ ಕೂತು ಆ ಪಂದ್ಯವನ್ನು ತಾನೇ ಆಡಿದವನಂತೆ ಹೇಳಿದ. ಅಲ್ಲಿನ ಜನರಿಗೆ ಏನು ಕೋಪವೋ ಏನೋ, ಇಡೀ ಮೈದಾನ ನಮ್ಮವರನ್ನೇ ಹೀಯಾಳಿಸುತ್ತಿತ್ತಂತೆ.

"ಎದುರಾಳಿಗೇ ಚಪ್ಪಾಳೆ, ಎದುರಾಳಿಗೇ ಜೈಕಾರ. ಅಂತಾ ಕಡೀಕೆ ಜನ ಸುಮ್ಕಾಗೋದ್ರು ಅಂದ್ರೆ ಅದೇ ನಮ್ಗೆ ಜೈಕಾರ ಕಣಕ್ಕ" ಎಂದ.

ಆ ಮಾತು ಅವಳಿಗೆ ಚೆನ್ನಾಗಿ ಕಂಡಿತು. ಆದರೆ ಚೆನ್ನಾಗಿ ಕಂಡ ಮಾತೆಲ್ಲ ನೆನಪಿನಲ್ಲಿ ಉಳಿಯುವುದಿಲ್ಲ, ಅವಳೂ ಮರೆತಳು.

ತಮ್ಮನ ಆಟವನ್ನು ನೋಡುವ ಯೋಗ ಮಾತ್ರ ಕೂಡಿ ಬರಲಿಲ್ಲ. ಅವನ ಕಾಲೇಜು ಮೈಸೂರಿನಲ್ಲಿ ಫೈನಲ್ ಆಡಿದ ದಿನ ಅವಳು ಬಾಣಂತಿ ಕೋಣೆಯಲ್ಲಿದ್ದಳು. ಫುಟ್‌ಬಾಲ್ ನೋಡಿಯೇ ಬೆಂಗಳೂರಿನ ಒಂದು ಕಾರ್ಖಾನೆ ಅವನನ್ನು ಕೆಲಸಕ್ಕೆ ತೆಗೆದುಕೊಂಡಿತು. ಅವನ ಮೊದಲ ದೊಡ್ಡ ಪಂದ್ಯಕ್ಕೆ ಹೊರಡಬೇಕೆಂದು ಸೀರೆ ಮಡಿಸಿಟ್ಟ ದಿನವೇ ಮಾವ ತೀರಿಕೊಂಡರು. ಸತ್ತವರ ಮೇಲೆ ಸಿಟ್ಟು ಮಾಡಿಕೊಳ್ಳಬಾರದು. ವಸಂತಮ್ಮ ಒಂದಿಷ್ಟು ಮಾಡಿಕೊಂಡಳು.

ವರ್ಷಕ್ಕೊಮ್ಮೆಯೋ ಎರಡು ಸಲವೋ ದೇವಣ್ಣ ಬರುವನು. ಬಂದರೆ ಆಡಿದ ಆಟಗಳನ್ನೆಲ್ಲ ಮೊದಲಿನಿಂದ ಕೊನೆಯವರೆಗೆ ಅಕ್ಕನಿಗೆ ಹೇಳಲೇಬೇಕು. "ಮೊದ್ಲಿಂದ ಯೋಳು" ಎನ್ನುವಳು. ಸೋತದ್ದನ್ನೂ ಬಿಡುವಂತಿಲ್ಲ. ಹಾಗೆ ಕೇಳುತ್ತ ಕೇಳುತ್ತ ಅವಳಿಗೆ ಒಂದು ವಿಷಯ ಹೊಳೆಯತೊಡಗಿತು. ಕಾಲೇಜಿನಲ್ಲಿದ್ದಾಗ ಅವನು ಎದ್ದು ನಿಂತು, ಕೈಕಾಲು ಬೀಸಿ, ಯಾರು ಎಲ್ಲಿಂದ ಕೂಗಿದರು, ಗೆಳೆಯರು ಹೇಗೆ ಹೆಗಲ ಮೇಲೆ ಹೊತ್ತರು ಎನ್ನುವುದನ್ನೆಲ್ಲ ಹೇಳುತ್ತಿದ್ದ. ಕಾರ್ಖಾನೆ ಸೇರಿದ ಮೇಲೆ ಕೂತೇ ಹೇಳುತ್ತಿದ್ದ. ಆಟ ಮೊದಲಿಗಿಂತ ಚೊಕ್ಕಟವಾಗಿತ್ತು, ಮಾತೂ ಚೊಕ್ಕಟವಾಗಿತ್ತು. ಎಡಗಡೆಯವನು ಎಷ್ಟು ಹೊತ್ತಿಗೆ ಎಲ್ಲಿರಬೇಕು, ತಾನು ಎಲ್ಲಿ ನಿಲ್ಲಬೇಕು, ಎಲ್ಲ ಲೆಕ್ಕಾಚಾರ. ಪಂದ್ಯ ಇಲ್ಲದ ದಿನ ಅರ್ಧ ಹೊತ್ತು ಮಿಷಿನ್ ಮುಂದೆ ಕೆಲಸ. ಒಮ್ಮೆ ದೇಶದ ತಂಡದ ಆಯ್ಕೆಗೆ ಕರೆ ಬಂದಿತ್ತು. ಒಂದು ವಾರ ಶಿಬಿರದಲ್ಲಿ ಇಟ್ಟುಕೊಂಡು ವಾಪಸು ಕಳಿಸಿದರು. ಅದನ್ನು ಮಾತ್ರ ಅವನು ನಿಂತೂ ಹೇಳಲಿಲ್ಲ, ಕೂತೂ ಹೇಳಲಿಲ್ಲ. ಅವಳೂ ಕೆದಕಲಿಲ್ಲ.

ಲಾಳಿ ಎಸೆಯುತ್ತ ಅವಳು ಇದನ್ನೇ ಯೋಚಿಸುತ್ತಿದ್ದಳು. ಕಾಲೇಜಿನ ಹುಡುಗ ತನಗಾಗಿ ಆಡುತ್ತಾನೆ, ಗೆಳೆಯರಿಗಾಗಿ ಆಡುತ್ತಾನೆ, ಗ್ಯಾಲರಿಯಲ್ಲಿ ಕೂತ ಯಾವುದೋ ಹುಡುಗಿಗಾಗಿಯೂ ಆಡುತ್ತಾನೆ. ಅನ್ನ ಕೊಡುವ ಆಟ ಬೇರೆ. ಅದು ಮಗ್ಗದ ಹಾಗೆ, ಇಷ್ಟವಿದ್ದರೂ ಕೂರಬೇಕು, ಇಲ್ಲದಿದ್ದರೂ ಕೂರಬೇಕು, ಹಾಗೆಂದು ಅದರಲ್ಲಿ ಸುಖ ಇಲ್ಲವೆನ್ನಲಾಗದು. ಇನ್ನು ದೇಶಕ್ಕೆ ಆಡುವವರನ್ನು ನೆನೆದರೆ ಅವಳಿಗೆ ಯಾಕೋ ಕನಿಕರವೇ ಬರುತ್ತಿತ್ತು. ಕೊಳ್ಳೇಗಾಲದ ಯಾವುದೋ ಮೂಲೆಯಲ್ಲಿ ಕೂತ ತನ್ನಂಥವಳೂ ಅವರಿಂದ ಏನನ್ನೋ ಬಯಸುತ್ತಾಳಲ್ಲ, ಅಷ್ಟೊಂದು ಜನದ ಬಯಕೆಯನ್ನು ಹೊತ್ತು ಓಡುವುದಾದರೂ ಹೇಗೆ? ತನ್ನ ತಮ್ಮ ಅಲ್ಲಿಗೆ ಮುಟ್ಟಲಿಲ್ಲವಲ್ಲ ಎಂದು ಅವಳಿಗೆ ನೋವಿತ್ತು. ಮುಟ್ಟದ್ದೇ ಒಳ್ಳೆಯದಾಯಿತು ಎಂದೂ ಒಮ್ಮೊಮ್ಮೆ ಅನ್ನಿಸುತ್ತಿತ್ತು.

ಎಪ್ಪತ್ತೊಂದರ ಮಾಘಮಾಸದಲ್ಲಿ ಸುದ್ದಿ ಬಂತು. ಹೈಸ್ಕೂಲಿಗೆ ಹೊಸ ಕಟ್ಟಡ ಕಟ್ಟಿಸಲು ಒಂದು ಸಹಾಯಾರ್ಥ ಪಂದ್ಯ ಇಟ್ಟಿದ್ದಾರೆ, ದೇವಣ್ಣನ ಕಾರ್ಖಾನೆ ತಂಡವೇ ಕೊಳ್ಳೇಗಾಲಕ್ಕೆ ಬರುತ್ತದೆ. ಎದುರಾಳಿ ಕೊಳ್ಳೇಗಾಲದ ಹನ್ನೊಂದು ಜನ. ಮೈಸೂರಿನ ಕಾಲೇಜುಗಳಲ್ಲಿ ಓದುವ ಹುಡುಗರೇ ಹೆಚ್ಚು, ಜೊತೆಗೆ ಹನೂರಿನವನೊಬ್ಬ, ಯಳಂದೂರಿನವರಿಬ್ಬರು. ಮೈದಾನ ನೇಕಾರರ ಬೀದಿಯ ಹಿಂದೆ, ಮನೆಯಿಂದ ಎರಡು ಓಣಿ ದಾಟಿದರೆ ಸಿಗುತ್ತದೆ. ಹದಿನೈದು ವರ್ಷದಿಂದ ಅವಳಿಗೆ ಆಟದ ಹತ್ತಿರ ಹೋಗಲಾಗದಿದ್ದರೆ ಆಟವೇ ಅವಳ ಹಿತ್ತಿಲಿಗೆ ಬಂದಿತ್ತು. ಭಾನುವಾರ ಸಾಯಂಕಾಲ ನಾಲ್ಕಕ್ಕೆ ಆಟ ಶುರು.

ಅದೇ ಭಾನುವಾರ ಸಂಜೆಯೊಳಗೆ ಮಗ್ಗದ ಮೇಲಿದ್ದ ಸೀರೆ ಇಳಿಯಬೇಕಿತ್ತು. ಯಳಂದೂರಿನ ಹತ್ತಿರ ಹೊನ್ನೂರಿನ ಸದಾಶಿವಪ್ಪನವರ ಮಗಳಿಗೆ ಸೋಮವಾರ ಬೆಳಗಿನ ಜಾವ ಮುಹೂರ್ತ. ಅರಿಶಿನದ ಒಡಲು, ಕುಂಕುಮದ ಅಂಚು, ಹುಡುಗಿ ಉಡುವ ಮುಹೂರ್ತದ ಸೀರೆ. ಒಂದು ತಿಂಗಳ ಹಿಂದೆಯೇ ಮುಗಿಯಬೇಕಾಗಿತ್ತು. ಆದರೆ ಸದಾಶಿವಪ್ಪನವರ ಹೆಂಡತಿ ಚನ್ನಾಜಮ್ಮ ಬಣ್ಣ ಹಾಕಿಸಿದ ನೂಲನ್ನು ಬಿಸಿಲಿಗೆ ಹಿಡಿದು, "ಇದೇನು ಕುಂಕುಮ್ವಾ? ಒಳ್ಳೆ ಬದ್ನೇಕಾಯಿ ಇದ್ದಂಗದೆ" ಎಂದು ತಿರಸ್ಕರಿಸಿದ್ದಳು. ಮತ್ತೆ ಬಣ್ಣ, ಮತ್ತೆ ಹಾಸು, ಮತ್ತೆ ಎಲ್ಲ.

ಬೇರೆ ಯಾರನ್ನಾದರೂ ಅಂಚಿಗೆ ಕೂರಿಸಿ ಹೋಗಬಹುದಿತ್ತಲ್ಲ ಎಂದು ಮಗ್ಗ ಕಾಣದವರು ಕೇಳಬಹುದು. ನಾದಿನಿ ರುದ್ರಾಣಿ ಮನೆಯಲ್ಲೇ ಇದ್ದಳು, ಕೆಲಸ ಬಲ್ಲವಳು. ಆದರೆ ಅಂಚಿಗೆ ಕೂತ ಕೈ ಸೀರೆ ಇಳಿಯುವವರೆಗೂ ಬದಲಾಗಬಾರದು. ಒಬ್ಬೊಬ್ಬರು ಎಳೆಯನ್ನು ಎಳೆಯುವ ಬಿಗಿ ಒಂದೊಂದು. ಕೈ ಬದಲಾದ ಜಾಗದಲ್ಲಿ ಅಂಚಿನ ಮೇಲೆ ಒಂದು ಗೆರೆ ಬೀಳುತ್ತದೆ, ಅದು ನೂರು ಸಲ ಮಡಿಸಿದರೂ ಹೋಗುವುದಿಲ್ಲ. ಮದುವೆಯ ಸೀರೆಯಲ್ಲಿ ಆ ಗೆರೆ ಕಂಡರೆ ಉಡುವವರೂ ಒಪ್ಪುವುದಿಲ್ಲ, ನೇಯ್ದವರ ಮರ್ಯಾದೆಯೂ ಉಳಿಯುವುದಿಲ್ಲ.

ಗಂಡ ಹೆಂಡತಿ ಆ ವಾರವೆಲ್ಲ ಬಿಡುವಿಲ್ಲದೆ ನೇಯ್ದರು. ಭಾನುವಾರ ಬೆಳಕು ಹರಿಯುವ ಮುಂಚೆಯೇ ಗುಂಡಿಗೆ ಇಳಿದರು. ಮೂರು ಗಂಟೆಯೊಳಗೆ ಮುಗಿಸಿಬಿಡಬಹುದೆಂದು ಇಬ್ಬರಿಗೂ ಆಸೆಯಿತ್ತು.

ಮಧ್ಯಾಹ್ನ ದೇವಣ್ಣ ಬಂದ. ಮೂವತ್ತೊಂದರ ಗಂಡಸು, ಹೊಸ ಕ್ರಾಪು, ಕಾರ್ಖಾನೆಯ ಹೆಸರು ಬರೆದ ಬನಿಯನ್ನು. ಬೀದಿಯ ಹುಡುಗರೆಲ್ಲ ಹಿಂದೆ ಬಂದಿದ್ದರು. ಉಂಡ, ಆದರೆ ಪಂದ್ಯದ ದಿನ ಹೊಟ್ಟೆ ತುಂಬ ಉಣ್ಣಬಾರದೆಂದು ಅರ್ಧಕ್ಕೇ ಎದ್ದ. ಮಗ್ಗದ ಮೇಲೆ ಉಳಿದಿದ್ದ ಸೆರಗನ್ನು ನೋಡಿದ. ನೇಕಾರನ ಮಗನಲ್ಲವೇ, ಎಷ್ಟು ಹೊತ್ತಿನ ಕೆಲಸ ಎಂದು ಅವನಿಗೂ ಗೊತ್ತಾಯಿತು.

"ಬತ್ತೀಯ ತಾನೆ ಅಕ್ಕ?"

"ಬತ್ತೀನಿ ಓಗ್ಲಾ."

"ಈ ಸಲ ತಪ್ಪಿಸ್ಕೋಬ್ಯಾಡ."

"ಯಾಕ್ಲಾ, ಈ ಸಲ ಏನು ಅಂತಾ ಇಸೇಸ?"

"ಏನಿಲ್ಲ, ಸುಮ್ಕೆ ಅಂದೆ" ಎಂದು ಜಗಲಿಯಿಂದ ಇಳಿದ. ಇಳಿಯುವಾಗ ಕಂಬವನ್ನು ಹಿಡಿದುಕೊಂಡ. ಹೈಸ್ಕೂಲಿನ ದಿನಗಳಿಂದಲೂ ಆ ಜಗಲಿಯಿಂದ ಅವನು ಹಾರುತ್ತಿದ್ದನೇ ಹೊರತು ಇಳಿದದ್ದನ್ನು ವಸಂತಮ್ಮ ಕಂಡಿರಲಿಲ್ಲ. ಕೈಯಲ್ಲಿದ್ದ ಲಾಳಿ ಒಂದು ಕ್ಷಣ ನಿಂತಿತು. ಕೇಳಬೇಕೆಂದುಕೊಂಡಳು, ಅಷ್ಟರಲ್ಲಿ ಅವನು ಬೀದಿಯ ತಿರುವಿನಲ್ಲಿದ್ದ.

ಮೂರು ಗಂಟೆಗೆ ಚನ್ನಾಜಮ್ಮ ಹೊನ್ನೂರಿನಿಂದ ಬಂದು ಜಗಲಿಯ ಮೇಲೆ ಎಲೆಯಡಿಕೆ ಹಾಕುತ್ತ ಕೂತಳು. ವಾಪಸು ಬಸ್ಸು ಆರೂವರೆಗೆ, ಅದೇ ಕೊನೆಯದು. ಬೀದಿ ಬೀದಿಯೇ ಮೈದಾನದ ಕಡೆ ಹರಿಯುತ್ತಿತ್ತು. ಹನೂರು, ಕೌದಳ್ಳಿ, ಅಜ್ಜೀಪುರದ ಕಡೆಯಿಂದ ಲಾರಿಯಲ್ಲಿ ನಿಂತುಕೊಂಡು ಬಂದ ಜನರ ಗಲಾಟೆ ಕೇಳಿಸುತ್ತಿತ್ತು. ಸೆರಗು ಇನ್ನೂ ಒಂದು ಗೇಣಿಗಿಂತ ಹೆಚ್ಚು ಬಾಕಿಯಿತ್ತು. ಜರಿ ತುಂಬಿದ ಸೆರಗು, ಅವಸರ ಮಾಡಿದರೆ ಸಿಕ್ಕಾಗುವಂಥದ್ದು.

ನಾಲ್ಕಕ್ಕೆ ಸೀಟಿ ಊದಿದರು. ವಸಂತಮ್ಮನ ಕಣ್ಣಲ್ಲಿ ನೀರು ಬಂತು. ಯಾರ ಮೇಲೆ ಎಂದು ತಿಳಿಯದ ಸಿಟ್ಟು, ಸೀರೆಯ ಮೇಲೆ, ಬದನೆಕಾಯಿಯ ಮೇಲೆ, ಎಲೆ ಜಗಿಯುತ್ತ ಕೂತ ಆ ತಾಯಿಯ ಮೇಲೆ. ರುದ್ರಾಣಿ ಚನ್ನಾಜಮ್ಮನ ಕಿವಿಯಲ್ಲಿ ವಿಷಯ ಹೇಳಿಬಿಟ್ಟಳು. ಚನ್ನಾಜಮ್ಮ ಜಗಿಯುವುದನ್ನು ನಿಲ್ಲಿಸಿ ಒಳಗೆ ಬಂದಳು.

"ಅಯ್ಯೋ ನನ್ ತಾಯಿ, ಮೊದ್ಲೇ ಯೋಳ್ಬಾರ್ದಾ? ಒಡಹುಟ್ದೋನು ಆಡ್ತಾವ್ನೆ, ಓಗ್ ನೋಡ್ಕಂಡ್ ಬಾ. ನಾನ್ ಕಾಯ್ತೀನಿ. ಬಸ್ ಓದ್ರೆ ಗಾಡಿ ಕಟ್ಟುಸ್ಕಂಡ್ ಓಯ್ತೀನಿ."

ವಸಂತಮ್ಮ ಗಂಡನ ಮುಖ ನೋಡಿದಳು. ರಾಮಲಿಂಗಯ್ಯ ಸೂರಿನ ಕಿಂಡಿಯತ್ತ ನೋಡಿದ. ಅಲ್ಲಿಂದ ಬೀಳುತ್ತಿದ್ದ ಬಿಸಿಲು ಆಗಲೇ ಗೋಡೆ ಹತ್ತಿತ್ತು. ಆರಕ್ಕೆಲ್ಲ ಮಗ್ಗದ ಮನೆ ಕತ್ತಲಾಗುತ್ತದೆ, ದೀಪದ ಬೆಳಕಿನಲ್ಲಿ ಜರಿಯ ಎಳೆಗೂ ಅರಿಶಿನದ ಎಳೆಗೂ ವ್ಯತ್ಯಾಸ ಕಾಣುವುದಿಲ್ಲ.

"ಓಗ್ತೀಯಾ? ಓಗು" ಎಂದ ಅವನು. "ಅರ್ಧಂಬರ್ಧ ಆದ್ರೂ ನಾನೇ ಅವ್ರಿಗೆ ಉತ್ರ ಕೊಡ್ತೀನಿ."

ಒಂದು ವೇಳೆ ಅವನು ಬೇಡ ಎಂದಿದ್ದರೆ ಜಗಳವಾಡಿ ಎದ್ದು ಹೋಗುತ್ತಿದ್ದಳೋ ಏನೋ. ಹೋಗು ಎಂದುಬಿಟ್ಟ. ವಸಂತಮ್ಮ ಹೊನ್ನೂರಿನ ಆ ಕಾಣದ ಹುಡುಗಿಯನ್ನು ನೆನೆದಳು, ನಾಳೆ ಕತ್ತಲಿರುವಾಗಲೇ ತಲೆಗೆ ನೀರು ಹಾಕಿಸಿಕೊಂಡು ಸೀರೆಗಾಗಿ ಕಾಯುತ್ತಾಳಲ್ಲ ಎಂದು.

"ಬೆಳಕು ಕಾಯಾಕಿಲ್ಲ ಕಣವ್ವ" ಎಂದು ಚನ್ನಾಜಮ್ಮನಿಗೆ ಹೇಳಿ ಕಣ್ಣೊರೆಸಿಕೊಂಡು ಲಾಳಿ ಎತ್ತಿಕೊಂಡಳು.

ಕಣ್ಣು ಹೋಗಲಾರದ ಕಡೆಗೆ ಕಿವಿ ಹೋಯಿತು. ಹಿಂದಿನ ಕಿಟಕಿಯನ್ನು ರುದ್ರಾಣಿ ಅಗಲವಾಗಿ ತೆರೆದಳು. ಗುಜುಗುಜು ಕೇಳಿಸಿತು, ನಡುಮೈದಾನ. ಗುಜುಗುಜು ಏರಿತು, ಅಂಚು. ಆಮೇಲೆ 'ಹೋ' ಎನ್ನುವ ದೊಡ್ಡ ಕೂಗು.

"ನಮ್ ದೇವಣ್ಣ!" ಎಂದಳು ವಸಂತಮ್ಮ ಮುಖ ಅರಳಿಸಿ. ಇನ್ನೊಂದು ಕೂಗು ಬಂತು. "ಮತ್ತೆ ಅವ್ನೇ ಕಣ್ರೀ! ಎಂಗ್ ಕೂಗ್ತಾವ್ರೆ ನೋಡಿ!"

ರಾಮಲಿಂಗಯ್ಯ ಇನ್ನೆರಡು ಎಳೆ ನೇಯ್ದ. ಆಮೇಲೆ ತಲೆ ಎತ್ತದೆ, "ಕೂಗ್ತಿರೋದು ನಮ್ಮೂರೋರು ತಾನೆ?" ಎಂದ.

"ಇನ್ಯಾರು?"

"ನಿನ್ ತಮ್ಮ ಈಗ ಆ ಕಡೆಯೋನು ಅಲ್ವಾ?"

ಲಾಳಿ ಅವಳ ಕೈಯಲ್ಲೇ ಉಳಿಯಿತು. ಎಷ್ಟು ವರ್ಷ ರೇಡಿಯೋ ಕೇಳಿದ್ದಳು! ನಮ್ಮವರು ಗೆದ್ದರೆ ಜನ ಕೂಗುತ್ತಾರೆ ಎನ್ನುವುದೊಂದೇ ಅವಳ ಪಾಠ. ದೇವಣ್ಣ ನಮ್ಮವನು, ಕೂಗುತ್ತಿರುವವರೂ ನಮ್ಮವರು, ಆದರೆ ಎರಡೂ ಒಂದೇ ಕಡೆ ಇಲ್ಲ ಎನ್ನುವುದು ಅವಳಿಗೆ ಹೊಳೆದೇ ಇರಲಿಲ್ಲ. ಅವನು ಹುಟ್ಟಿದ ಊರು, ಅವನಿಗೆ ಚೆಂಡು ಕೊಟ್ಟ ಬೀದಿ, ಈಗ ಅವನು ಸೋಲಲಿ ಎಂದು ಗಂಟಲು ಹರಿದುಕೊಳ್ಳುತ್ತಿತ್ತು. ಆ ಮೈದಾನದಲ್ಲಿ ಅವನಿಗಾಗಿ ಕೂಗುವವರು ಯಾರೂ ಇರಲಿಲ್ಲ. ಇದ್ದ ಒಬ್ಬಳು ಇಲ್ಲಿ ಗುಂಡಿಯಲ್ಲಿ ಕೂತಿದ್ದಳು.

ಆಗ ಜಕಾರ್ತದ ಮಾತು ನೆನಪಾಯಿತು. ಜನ ಸುಮ್ಮನಾದರೆ ಅದೇ ಜೈಕಾರ.

ಅವಳು ಕೇಳುವ ಕ್ರಮವನ್ನೇ ತಿರುಗಿಸಿಕೊಂಡಳು. ಕೂಗನ್ನು ಬಿಟ್ಟು ಕೂಗು ನಿಲ್ಲುವ ಜಾಗಕ್ಕೆ ಕಿವಿ ಕೊಟ್ಟಳು. ಎಡಗಡೆಯಿಂದ ಗದ್ದಲ ಏರಿತು, ಏರಿತು, 'ಹೋ' ಎಂದು ಬಾಯಿ ತೆರೆಯಿತು, ಅರ್ಧಕ್ಕೇ ಮುರಿದು ಬಿತ್ತು. ಚಿಕ್ಕಂದಿನ ಬೀದಿಯ 'ಅಯ್ಯಯ್ಯೋ' ಇದೇ ಅಲ್ಲವೇ! ಹಾಸಿನ ಕಡೆ ಬೆನ್ನು ಮಾಡಿ ನಿಂತ ಹುಡುಗನೇ ಇವನು. ಮತ್ತೊಮ್ಮೆ ಏರಿತು, ಮತ್ತೆ ಮುರಿಯಿತು. ಮತ್ತೆ. ಒಂದು ಸಲ ಮುರಿದ ಮೇಲೆ ಜನ ಬೈದದ್ದೂ ಕೇಳಿಸಿತು, ಅದು ಅವಳಿಗೆ ಹೂವಿನ ಹಾರದಷ್ಟು ಹಿತವಾಯಿತು. ಗೋಲು ಹೊಡೆಯುವವನಿಗೆ ಎಲ್ಲರೂ ಕೂಗುತ್ತಾರೆ. ತಡೆಯುವವನಿಗೆ ಊರಲ್ಲೂ ಕೂಗುವುದಿಲ್ಲ, ಪರ ಊರಲ್ಲೂ ಕೂಗುವುದಿಲ್ಲ. ಅವನ ಕೆಲಸವೇ ಕೂಗನ್ನು ನಿಲ್ಲಿಸುವುದು. ಹದಿನೈದು ವರ್ಷ ಅವನ ಆಟಗಳನ್ನು ಅವನ ಬಾಯಿಂದಲೇ ಕೇಳಿದವಳಿಗೆ ಇದು ಈಗ ಅರ್ಥವಾಯಿತು.

"ಅಗೋ, ಈಗ ಇವ್ನೇ" ಎಂದು ಪಿಸುಗುಟ್ಟಿದಳು. ರಾಮಲಿಂಗಯ್ಯನೂ ಕಿವಿಗೊಟ್ಟಿದ್ದ. ಚನ್ನಾಜಮ್ಮ ಎಲೆ ಉಗುಳಿ ಬಂದು ಹೊಸಿಲ ಮೇಲೆ ಕೂತಿದ್ದಳು.

ಎರಡು ಸಲ ಊರು ಪೂರ್ತಿ ಮೌನವಾಗಿ ಬರೀ ನಾಲ್ಕು ಜನ ಚಪ್ಪಾಳೆ ತಟ್ಟಿದರು. ಕಾರ್ಖಾನೆಯವರ ಗೋಲುಗಳು. ವಿರಾಮವಾಯಿತು, ಮತ್ತೆ ಸೀಟಿ ಊದಿದರು. ಗೋಡೆಯ ಮೇಲಿನ ಬಿಸಿಲು ಸೂರು ಮುಟ್ಟಿತು, ಸೆರಗು ನಾಲ್ಕು ಬೆರಳಿಗೆ ಬಂತು.

ವಿರಾಮದ ಮೇಲೆ ತಂಡಗಳ ಕಡೆ ಬದಲಾಗಿತ್ತು, ಈಗ ಬಲಗಡೆಯಿಂದ ಗದ್ದಲ ಎದ್ದಿತು. ಏರಿತು. ವಸಂತಮ್ಮ ಅದು ಮುರಿಯುವ ಜಾಗಕ್ಕೆ ಕಾದಳು. ಆ ಜಾಗ ಬಂತು, ದಾಟಿತು. ಕೂಗು ಮುರಿಯಲಿಲ್ಲ. ಮೇಲೆ ಮೇಲೆ ಹೋಗಿ, ಕಿಟಕಿ ಬಾಗಿಲು ಅದುರುವಂತೆ ಒಡೆಯಿತು. ಸಿಳ್ಳೆ ಹಾಕಿದವರು, ತಮಟೆ ಬಡಿದವರು, ಹನೂರಿನ ಲಾರಿಯವರು ಹಾರನ್ನು ಹೊಡೆದದ್ದು, ಎಲ್ಲ ಒಟ್ಟಿಗೆ ಕೇಳಿಸಿತು. ಊರು ಗೋಲು ಹೊಡೆದಿತ್ತು.

ಅವಳು ಎಸೆದ ಎಳೆ ಸಡಿಲವಾಯಿತು. ರಾಮಲಿಂಗಯ್ಯ ಅದನ್ನು ನೋಡಿದ, ಆ ಒಂದು ಎಳೆಯನ್ನು ಬಿಚ್ಚಿ ಅವಳ ಲಾಳಿಯನ್ನು ಅವಳ ಕೈಗೇ ಕೊಟ್ಟು, ಅವಳು ಸುಧಾರಿಸಿಕೊಳ್ಳುವವರೆಗೆ ಕಾದ. ಜಗಲಿಯ ಕಂಬ ಹಿಡಿದುಕೊಂಡು ಇಳಿದ ತಮ್ಮ ಅವಳ ಕಣ್ಣ ಮುಂದೆ ಬಂದ. ಈ ಸಲ ತಪ್ಪಿಸಿಕೊಳ್ಳಬೇಡ ಎಂದದ್ದು ಯಾಕೆಂದು ಆಗ ತಿಳಿಯಿತು.

ಸೀರೆ ಇಳಿಯುವ ಹೊತ್ತಿಗೆ ಉದ್ದನೆಯ ಸೀಟಿ ಊದಿತು. ಚನ್ನಾಜಮ್ಮ ಬಾಗಿಲ ಬೆಳಕಿಗೆ ಅಂಚನ್ನು ಹಿಡಿದು ಆ ತುದಿಯಿಂದ ಈ ತುದಿಯವರೆಗೆ ಬೆರಳಾಡಿಸಿದಳು, ಎಲ್ಲೂ ಗೆರೆಯಿರಲಿಲ್ಲ. ಹೋಗುವಾಗ ವಸಂತಮ್ಮನ ಗಲ್ಲ ಮುಟ್ಟಿ, "ನಿನ್ ತಮ್ಮ ಚೆಂದಾಗ್ ಆಡ್ದ ಕಣವ್ವ, ನಾನೂ ಕೇಳುಸ್ಕಂಡೆ" ಎಂದು ಬಸ್ಸಿಗೆ ಓಡಿದಳು. ವಸಂತಮ್ಮ ಬೀದಿಯ ತಿರುವಿನವರೆಗೆ ಹೋದಳು. ಜನ ಎದುರಿಗೆ ಬರುತ್ತಿದ್ದರು. ಎರಡಕ್ಕೆ ಒಂದು, ಕಾರ್ಖಾನೆಯವರು ಗೆದ್ದರಂತೆ. ಆದರೆ ಎಲ್ಲರ ಬಾಯಲ್ಲೂ ಇದ್ದದ್ದು ಊರಿನ ಆ ಒಂದು ಗೋಲು.

ದೀಪ ಹಚ್ಚಿದ ಮೇಲೆ ದೇವಣ್ಣ ಬಂದ. ಜಗಲಿಯ ಮೆಟ್ಟಿಲನ್ನು ಒಂದೊಂದಾಗಿ ಹತ್ತಿ, ಬರಿದಾದ ಮಗ್ಗವನ್ನು ನೋಡಿ, ಗುಂಡಿಯ ಅಂಚಿಗೆ ಕೂತ.

"ಬರ್ನಿಲ್ವಲ್ಲ ಅಕ್ಕ" ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದನ್ನೇ ಅವಳಿಗೆ ತಡೆದುಕೊಳ್ಳಲಾಗಲಿಲ್ಲ.

"ಕೇಳ್ದೆ ಕಣ್ಲಾ."

"ಕೂಗಾಟ್ವಾ?"

"ಕೂಗಾಟ ಅಲ್ಲ, ನಿನ್ ಆಟ ಕೇಳ್ದೆ. ಸುರೂನಲ್ಲಿ ಎಡಗಡೆ ಬಂದ್ರು, ಕೂಗ್ ಮೇಲೆದ್ದು ಅರ್ಧಕ್ಕೇ ನಿಂತೋಯ್ತು. ಅದು ನೀನು. ಆಮೇಲೆ ಗೋಲ್ ಮುಂದೇನೇ ಬಂದ್ಬುಟ್ರು, ಅಲ್ಲೂ ನಿಲ್ಲಿಸ್ದೆ, ಜನ ನಿನ್ನ ಬೋದ್ರು. ಬೋದ್ರೋ ಇಲ್ವೋ?"

ದೇವಣ್ಣ ಅವಳನ್ನೇ ನೋಡಿದ. "ಬೋದ್ರು. ಚಿಕ್ಕಮಾದಮ್ಮನ ಮಗ, ನನ್ ಜತೆ ಓದ್ದೋನು, ಅವ್ನೂ ಬೋಯ್ದ."

"ಒಂದ್ಸಲ ಮಾತ್ರ ನಿಲ್ನಿಲ್ಲ" ಎಂದಳು ವಸಂತಮ್ಮ ಮೆಲ್ಲಗೆ.

ದೇವಣ್ಣ ಮಗ್ಗದ ಕಡೆ ತಿರುಗಿದ. ಕಾಲುಗಳನ್ನು ಗುಂಡಿಯೊಳಗೆ ಇಳಿಬಿಟ್ಟು, ತುಳಿಗೆಯ ಮೇಲೆ ಬಲಗಾಲು ಇಟ್ಟ, ಒತ್ತಿದ, ತೆಗೆದ.

"ತಿರುಗ್ದೆ ಅಕ್ಕ. ಮಂಡಿ ತಿರುಗ್ನಿಲ್ಲ. ಆ ಕಾಲೇಜ್ ಹುಡ್ಗ ಪಕ್ಕದಾಗೇ ಓಡೋದ. ಜನ ಎಲ್ಲ ಅವ್ನು ಚೆಂದಾಗ್ ಆಡ್ದ ಅಂದ್ಕಂಡ್ರು. ಆಡ್ದ, ಇಲ್ಲ ಅನ್ನಾಕಿಲ್ಲ. ನನ್ ಮಂಡಿ ಇಚಾರ ನಮ್ ತಂಡ್ದೋರ್ಗೂ ಗೊತ್ತಾಗ್ನಿಲ್ಲ. ನಿನ್ಗೆ ಗೊತ್ತಾಗೋಯ್ತಲ್ಲ." ಮಂಡಿಯನ್ನು ಸವರಿಕೊಂಡು, "ಇನ್ಮೇಲೆ ದಿನಾಲೂ ಮಿಷಿನ್ ಮುಂದೆ ನಿಲ್ಲಾದೇಯ. ನಮ್ಮೂರಲ್ಲೇ ಮುಗೀಲಿ ಅಂತ ಇದೊಂದ್ ಆಡ್ದೆ" ಎಂದ.

ರುದ್ರಾಣಿ ಬಿಸಿ ಹರಳೆಣ್ಣೆಯ ಬಟ್ಟಲು ತಂದಿಟ್ಟು ಒಳಗೆ ಹೋದಳು. ವಸಂತಮ್ಮ ತಮ್ಮನ ಕಾಲನ್ನು ಮಡಿಲ ಮೇಲೆ ಎಳೆದುಕೊಂಡು ಮಂಡಿಗೆ ಎಣ್ಣೆ ತಿಕ್ಕತೊಡಗಿದಳು. ಮಂಡಿ ಊದಿತ್ತು. ಹೊರಗೆ ಬೀದಿಯಲ್ಲಿ ಹುಡುಗರು ಆ ಗೋಲನ್ನು ಮತ್ತೆ ಮತ್ತೆ ಹೊಡೆಯುತ್ತಿದ್ದರು, ಪ್ರತಿಸಲವೂ ಕೂಗುತ್ತಿದ್ದರು.

ದೇವಣ್ಣ ಮಗ್ಗದ ಕಂಬಕ್ಕೆ ತಲೆ ಆನಿಸಿ ಕಣ್ಣು ಮುಚ್ಚಿಕೊಂಡ.

"ಮೊದ್ಲಿಂದ ಯೋಳಕ್ಕ" ಎಂದ. "ನಾಕ್ ಗಂಟೆಗೆ ಸೀಟಿ ಊದುದ್ರಲ್ಲ, ಅಲ್ಲಿಂದ ಯೋಳು."